ಪ್ರಾಣಿಪ್ರೀತಿ ಇದ್ದರಷ್ಟೇ ಸಾಲದು: ಮನುಷ್ಯ–ಪ್ರಾಣಿ ಸಂಬಂಧ ಓದಬಯಸುವವರಿಗೆ ಹನ್ನೆರಡು ಸೂತ್ರಗಳು

ಪಿಯುಸಿ ಫಲಿತಾಂಶ ಬಂದ ವಾರ ಎಷ್ಟೋ ಮನೆಗಳಲ್ಲಿ ಈ ಮಾತು ಕೇಳುತ್ತದೆ: "ನನಗೆ ಪ್ರಾಣಿಗಳೆಂದರೆ ಇಷ್ಟ, ಅದನ್ನೇ ಓದ್ತೀನಿ." ಉತ್ತರವೂ ಸಿದ್ಧವಾಗಿರುತ್ತದೆ: "ಹಾಗಾದ್ರೆ ವೆಟರ್ನರಿಗೆ ಸೇರ್ಕೊ." ಪಶುವೈದ್ಯಕೀಯ ದೊಡ್ಡ ವಿದ್ಯೆ, ಅದರಲ್ಲಿ ಎರಡು ಮಾತಿಲ್ಲ. ಆದರೆ ಮನುಷ್ಯ ಪ್ರಾಣಿಗಳ ಜೊತೆ ಹೇಗೆ ಬದುಕಿದ್ದಾನೆ, ಯಾವುದನ್ನು ಪೂಜಿಸುತ್ತಾನೆ, ಯಾವುದನ್ನು ದುಡಿಸುತ್ತಾನೆ, ಯಾವುದನ್ನು ಕಂಡರೆ ಪಟಾಕಿ ಹಚ್ಚುತ್ತಾನೆ ಎಂಬುದನ್ನೇ ಓದುವ ಬೇರೊಂದು ಶಿಸ್ತಿದೆ. ಜಗತ್ತಿನ ವಿಶ್ವವಿದ್ಯಾಲಯಗಳು ಅದನ್ನು ಆಂಥ್ರೊಜೂವಾಲಜಿ ಎಂದು ಕರೆಯುತ್ತವೆ. ಇದಕ್ಕೇ ಮೀಸಲಾದ 'ಆಂಥ್ರೊಜೂಸ್' ಎಂಬ ಸಂಶೋಧನಾ ಪತ್ರಿಕೆ 1987ರಿಂದ ಬರುತ್ತಿದೆ. ಇದನ್ನು ಕಲಿಯಲು ಕರ್ನಾಟಕಕ್ಕಿಂತ ಒಳ್ಳೆಯ ಜಾಗ ಹುಡುಕುವುದು ಕಷ್ಟ. 2022ರ ಅಂದಾಜಿನ ಪ್ರಕಾರ ನಮ್ಮ ಕಾಡುಗಳಲ್ಲಿ 563 ಹುಲಿಗಳಿವೆ. ದೇಶದಲ್ಲೇ ಅತಿ ಹೆಚ್ಚು ಆನೆಗಳಿರುವುದೂ ಇಲ್ಲೇ. ಅವುಗಳ ಪಕ್ಕದಲ್ಲೇ ಕಾಫಿ, ರಾಗಿ, ಕಬ್ಬು ಬೆಳೆಯುವ ಜನರಿದ್ದಾರೆ. ಈ ದಾರಿ ಹಿಡಿಯುವವರಿಗೆ ಕೆಲವು ಮಾತುಗಳು.

1. ನಿಮ್ಮ ಪ್ರಶ್ನೆಯೊಳಗೆ ಮನುಷ್ಯನೂ ಇರಲಿ

ಆನೆ ದಿನಕ್ಕೆ ಎಷ್ಟು ತಿನ್ನುತ್ತದೆ ಎಂಬುದು ಜೀವಶಾಸ್ತ್ರದ ಪ್ರಶ್ನೆ. ಆನೆ ಬರುತ್ತದೆಂದು ಗೊತ್ತಿದ್ದೂ ಸಕಲೇಶಪುರದ ಒಬ್ಬ ರೈತ ಭತ್ತ ಹಾಕುತ್ತಾನೆ, ಪಕ್ಕದವನು ಗದ್ದೆಯನ್ನು ಪಾಳು ಬಿಡುತ್ತಾನೆ, ಏಕೆ ಎಂಬುದು ನಿಮ್ಮ ಪ್ರಶ್ನೆ. ಅದಕ್ಕೆ ಉತ್ತರ ಹುಡುಕಲು ಆನೆಯ ನಡೆ ಗೊತ್ತಿರಬೇಕು. ಕೂಲಿಯ ದರ, ಜಮೀನಿನ ದಾಖಲೆ, ಆ ಮನೆಯಲ್ಲಿ ರಾತ್ರಿ ಕಾವಲಿಗೆ ಹೋಗಬಲ್ಲವರು ಯಾರು ಎಂಬುದೂ ಗೊತ್ತಿರಬೇಕು. ಇವೆರಡರಲ್ಲಿ ಒಂದನ್ನು ಬಿಟ್ಟರೂ ಉತ್ತರ ಅರ್ಧವಾಗುತ್ತದೆ. ಪ್ರಾಣಿಗಳ ಮೇಲೆ ಪ್ರೀತಿ, ಮನುಷ್ಯರ ಮೇಲೆ ಬೇಸರ ಇಟ್ಟುಕೊಂಡು ಬರುವ ವಿದ್ಯಾರ್ಥಿಗಳಿದ್ದಾರೆ. ಈ ಓದಿನಲ್ಲಿ ಅವರಿಗೆ ಬೇಗ ಸುಸ್ತಾಗುತ್ತದೆ.

2. ಪದವಿಯ ಹೆಸರಿಗಾಗಿ ಕಾಯಬೇಡಿ

ನಮ್ಮ ಕಾಲೇಜುಗಳಲ್ಲಿ ಈ ಹೆಸರಿನ ಬಿ.ಎ. ಅಥವಾ ಬಿ.ಎಸ್ಸಿ. ಸಿಗುವುದಿಲ್ಲವೆಂದು ನಿರಾಶರಾಗಬೇಕಿಲ್ಲ. ಪ್ರಾಣಿಶಾಸ್ತ್ರ, ಸಮಾಜಶಾಸ್ತ್ರ, ಇತಿಹಾಸ, ಮನಶ್ಶಾಸ್ತ್ರ, ಕನ್ನಡ, ಕಾನೂನು, ಯಾವ ಬಾಗಿಲಿನಿಂದಲಾದರೂ ಒಳಗೆ ಬರಬಹುದು. ಹೆಬ್ಬಾಳದ ಪಶುವೈದ್ಯಕೀಯ ಕಾಲೇಜು, ಶಿರಸಿ ಮತ್ತು ಪೊನ್ನಂಪೇಟೆಯ ಅರಣ್ಯ ಕಾಲೇಜುಗಳು ಒಂದು ದಾರಿ. ಕುವೆಂಪು ವಿಶ್ವವಿದ್ಯಾಲಯದಲ್ಲಿ ವನ್ಯಜೀವಿ ನಿರ್ವಹಣೆಯ ಸ್ನಾತಕೋತ್ತರ ವಿಭಾಗವಿದೆ. ಬೆಂಗಳೂರಿನ ರಾಷ್ಟ್ರೀಯ ಜೈವಿಕ ವಿಜ್ಞಾನ ಕೇಂದ್ರದಲ್ಲಿ (ಎನ್‌ಸಿಬಿಎಸ್) ವನ್ಯಜೀವಿ ವಿಜ್ಞಾನ ಮತ್ತು ಸಂರಕ್ಷಣೆಯ ಎಂ.ಎಸ್ಸಿ. ಇದೆ. ಅದಕ್ಕೆ ಪ್ರತಿವರ್ಷ ಪ್ರವೇಶ ಇರುವುದಿಲ್ಲ, ಹಾಗಾಗಿ ಪದವಿಯ ಎರಡನೇ ವರ್ಷದಲ್ಲೇ ಅಧಿಸೂಚನೆಯ ಮೇಲೆ ಕಣ್ಣಿಡಿ. ಡೆಹ್ರಾಡೂನಿನ ಭಾರತೀಯ ವನ್ಯಜೀವಿ ಸಂಸ್ಥೆ, ಬೆಂಗಳೂರಿನ ಪರಿಸರ ಸಂಶೋಧನಾ ಸಂಸ್ಥೆ ಏಟ್ರೀ, ಪ್ರಾಣಿರಕ್ಷಣಾ ಕಾನೂನಿನಲ್ಲಿ ಡಿಪ್ಲೊಮಾ ಕೊಡುವ ಹೈದರಾಬಾದಿನ ನಲ್ಸಾರ್ ಮುಂದಿನ ಮೆಟ್ಟಿಲುಗಳು. ಈ ವಿಷಯದ ಹೆಸರಿನಲ್ಲೇ ಸ್ನಾತಕೋತ್ತರ ಪದವಿ ಬೇಕೆಂದರೆ ಇಂಗ್ಲೆಂಡಿನ ಎಕ್ಸೆಟರ್ ವಿಶ್ವವಿದ್ಯಾಲಯವಿದೆ, ಅಮೆರಿಕದ ಬಫಲೋ ನಗರದ ಕೆನೀಷಿಯಸ್ ಇದೆ.

ವಿಜ್ಞಾನದವರು ಒಂದು ಸಮಾಜವಿಜ್ಞಾನದ ವಿಷಯವನ್ನು, ಕಲೆಯವರು ಒಂದು ಜೀವವಿಜ್ಞಾನದ ವಿಷಯವನ್ನು ಐಚ್ಛಿಕವಾಗಿ ತೆಗೆದುಕೊಳ್ಳಿ. ಕಾಲೇಜು ಅವಕಾಶ ಕೊಡದಿದ್ದರೆ ಆ ವಿಭಾಗದ ಮೇಷ್ಟ್ರ ಅನುಮತಿ ಪಡೆದು ತರಗತಿಯ ಹಿಂದಿನ ಬೆಂಚಿನಲ್ಲಿ ಕುಳಿತು ಕೇಳಿ.

3. ನಿಮ್ಮ ತಾಲ್ಲೂಕಿನಿಂದಲೇ ಶುರುಮಾಡಿ

ಮೊದಲ ಪ್ರಾಜೆಕ್ಟ್‌ಗೆ ಆಫ್ರಿಕಾದ ಸಿಂಹ ಬೇಡ. ಮಂಡ್ಯ ಜಿಲ್ಲೆಯ ಮದ್ದೂರು ತಾಲ್ಲೂಕೊಂದನ್ನೇ ನೋಡಿ. ಅಲ್ಲಿನ ಆತಕೂರಿನಲ್ಲಿ ಹತ್ತನೆಯ ಶತಮಾನದ ಒಂದು ಕನ್ನಡ ಶಾಸನ ಸಿಕ್ಕಿತು. ಕಾಲ ಶಕ 872, ಅಂದರೆ ಕ್ರಿ.ಶ. 949–50. ತಕ್ಕೋಲದ ಯುದ್ಧದಲ್ಲಿ ಶೌರ್ಯ ತೋರಿದ ಮಣಲೇರ ಎಂಬ ವೀರನಿಗೆ ಗಂಗರ ಬೂತುಗ ಏನು ಬೇಕೆಂದು ಕೇಳಿದಾಗ ಅವನು ಬೇಡಿದ್ದು ಕಾಳಿ ಎಂಬ ಬೇಟೆನಾಯಿಯನ್ನು. ಆ ನಾಯಿ ಮುಂದೆ ದೊಡ್ಡ ಕಾಡುಹಂದಿಯೊಂದರ ಮೇಲೆ ಬಿತ್ತು, ಎರಡೂ ಕಾದಾಡಿ ಸತ್ತವು. ನಾಯಿಯ ನೆನಪಿಗೆ ಕಲ್ಲು ನಿಲ್ಲಿಸಿ, ಆ ಕಲ್ಲಿನ ಪೂಜೆಗೆ ಭೂಮಿಯನ್ನೂ ಬಿಟ್ಟರು. ನಾಯಿ ಮತ್ತು ಹಂದಿಯ ಕಾದಾಟವನ್ನು ಕೆತ್ತಿದ ಆ ಕಲ್ಲು ಈಗ ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿದೆ. ರಾಷ್ಟ್ರಕೂಟ–ಚೋಳ ಯುದ್ಧದ ದಾಖಲೆಯೆಂದು ಇತಿಹಾಸದ ವಿದ್ಯಾರ್ಥಿಗಳು ಇದನ್ನು ಓದುತ್ತಾರೆ. ನೀವು ಅದನ್ನು ನಾಯಿಯ ಕಡೆಯಿಂದ ಓದಿ. ಒಬ್ಬ ವೀರ ಊರನ್ನೂ ಹೊನ್ನನ್ನೂ ಬಿಟ್ಟು ನಾಯಿಯನ್ನೇ ಏಕೆ ಕೇಳಿದ? ವೀರಗಲ್ಲಿನ ಮರ್ಯಾದೆ ನಾಯಿಗೂ ಸಿಕ್ಕಿದ್ದು ಹೇಗೆ?

ಅದೇ ತಾಲ್ಲೂಕಿನಲ್ಲಿ ಕೊಕ್ಕರೆ ಬೆಳ್ಳೂರಿದೆ. ಊರೊಳಗಿನ ಹುಣಸೆ, ಅತ್ತಿ, ಅರಳಿ ಮರಗಳ ಮೇಲೆ ಬಣ್ಣದ ಕೊಕ್ಕರೆಗಳೂ ಹೆಜ್ಜಾರ್ಲೆಗಳೂ ಗೂಡು ಕಟ್ಟುತ್ತವೆ. ಬಾಣಂತನಕ್ಕೆ ತವರಿಗೆ ಬಂದ ಹೆಣ್ಣುಮಕ್ಕಳು ಎಂದು ಊರಿನವರು ಅವುಗಳ ಬಗ್ಗೆ ಹೇಳುವುದುಂಟು. ಹಿಕ್ಕೆ ಹೊಲಕ್ಕೆ ಗೊಬ್ಬರವಾಗುತ್ತದೆ. ಆದರೆ ಹಕ್ಕಿ ಕುಳಿತ ಮರದ ಹುಣಸೆ ಫಸಲು ಮನೆಯವರ ಕೈಗೆ ಪೂರ್ತಿ ಬರುವುದಿಲ್ಲ. ಮರದ ಒಡೆಯರಿಗೆ ಅರಣ್ಯ ಇಲಾಖೆ ಪರಿಹಾರ ಕೊಡುತ್ತದೆ, 2007ರಲ್ಲಿ ಆ ಪ್ರದೇಶವನ್ನು ಸಮುದಾಯ ಮೀಸಲು ಎಂದು ಘೋಷಿಸಲಾಯಿತು. ಗೂಡಿನಿಂದ ಬಿದ್ದ ಮರಿಗಳನ್ನು ಸಾಕಿ ಬಿಡುವ ಕೆಲಸವನ್ನು ಹೆಜ್ಜಾರ್ಲೆ ಬಳಗ ಎಂಬ ಸ್ವಯಂಸೇವಕರ ಗುಂಪು ಮಾಡಿಕೊಂಡು ಬಂದಿದೆ. ಭಕ್ತಿ, ಲಾಭ, ನಷ್ಟ, ಕಾನೂನು, ಸ್ವಯಂಸೇವೆ ಎಲ್ಲವೂ ಒಂದೇ ಹುಣಸೆಮರದ ಕೆಳಗೆ ಸಿಗುತ್ತವೆ. ಒಂದು ಡಿಸರ್ಟೇಶನ್‌ಗೆ ಇದಕ್ಕಿಂತ ಹೆಚ್ಚು ಏನು ಬೇಕು?

ನಿಮ್ಮ ತಾಲ್ಲೂಕಿನಲ್ಲೂ ಇಂಥದ್ದು ಇದ್ದೇ ಇದೆ. ಚಿತ್ರದುರ್ಗದ ಕಡೆಯವರಾದರೆ ಮ್ಯಾಸಬೇಡರ ದೇವರ ಎತ್ತುಗಳಿವೆ. ಕರಾವಳಿಯವರಾದರೆ ಹಂದಿಯ ರೂಪದ ಪಂಜುರ್ಲಿ, ಹುಲಿಯ ರೂಪದ ಪಿಲಿಚಾಮುಂಡಿ ಇವೆ. ಹಳೇ ಮೈಸೂರಿನವರಾದರೆ ಹಳ್ಳಿಕಾರ್ ಎತ್ತು, ಸಂಕ್ರಾಂತಿಯ ಕಿಚ್ಚು, ದನಗಳ ಜಾತ್ರೆ ಇವೆ.

4. ನೋಡುವುದನ್ನು ಕಲಿಯಿರಿ

ಎಲ್ಲರಿಗೂ ಕಣ್ಣಿದೆ, ಆದರೆ ವಿಧಾನವಿಲ್ಲದ ನೋಟ ದಾಖಲೆಯಾಗುವುದಿಲ್ಲ. ಕೆನ್ಯಾದ ಬಬೂನ್ ಮಂಗಗಳನ್ನು ಅಧ್ಯಯನ ಮಾಡಿದ ಜೀನ್ ಆಲ್ಟ್‌ಮನ್ 1974ರಲ್ಲಿ ಪ್ರಕಟಿಸಿದ ಪ್ರಬಂಧವನ್ನು ಇಂದಿಗೂ ಪ್ರಾಣಿವರ್ತನೆಯ ತರಗತಿಗಳಲ್ಲಿ ಓದಿಸುತ್ತಾರೆ. ಅದರ ತಿರುಳು ಇಷ್ಟು. ಕಣ್ಣಿಗೆ ಬಿದ್ದದ್ದನ್ನೆಲ್ಲ ಬರೆದರೆ ಗಲಾಟೆ ಮಾಡುವ ಪ್ರಾಣಿಯೇ ಟಿಪ್ಪಣಿ ತುಂಬ ಇರುತ್ತದೆ, ಸುಮ್ಮನೆ ಮಲಗಿದ್ದು ಕಾಣೆಯಾಗುತ್ತದೆ. ಹಾಗಾಗಿ ಒಂದೇ ಪ್ರಾಣಿಯನ್ನು ಗೊತ್ತುಪಡಿಸಿದ ಅವಧಿಯವರೆಗೆ ಬಿಡದೆ ನೋಡಿ, ಇಲ್ಲವೇ ನಿಗದಿತ ಅಂತರದಲ್ಲಿ ಇಡೀ ಗುಂಪಿನ ಮೇಲೆ ಕಣ್ಣಾಡಿಸಿ ಪ್ರತಿಯೊಂದೂ ಏನು ಮಾಡುತ್ತಿದೆ ಎಂದು ಬರೆಯಿರಿ.

ಕಾಲೇಜಿನ ಕ್ಯಾಂಟೀನ್ ಹಿಂದಿನ ನಾಯಿಗಳ ಮೇಲೆ ಇದನ್ನು ಅಭ್ಯಾಸ ಮಾಡಬಹುದು. "ನಾಯಿಗೆ ಸಿಟ್ಟು ಬಂತು" ಎಂದು ಬರೆಯಬೇಡಿ. ಬಾಲ ಎಲ್ಲಿತ್ತು, ಕಿವಿ ಹೇಗಿತ್ತು, ಎದುರಿಗೆ ಯಾರಿದ್ದರು, ಅವರ ಕೈಯಲ್ಲಿ ಏನಿತ್ತು ಎಂದು ಬರೆಯಿರಿ. ಅನ್ನ ಹಾಕುವವರು ಯಾರು, ಕಲ್ಲು ಎತ್ತುವವರು ಯಾರು ಎಂಬ ಇನ್ನೊಂದು ಕಾಲಂ ಸೇರಿಸಿದರೆ ಅದು ಮನುಷ್ಯ–ಪ್ರಾಣಿ ಸಂಬಂಧದ ಅಧ್ಯಯನವಾಯಿತು.

5. ಪ್ರಾಣಿಯೂ ನಿಮ್ಮನ್ನು ನೋಡುತ್ತಿದೆ ಎಂಬುದು ನೆನಪಿರಲಿ

ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಬರ್ಲಿನ್‌ನ ಹ್ಯಾನ್ಸ್ ಎಂಬ ಕುದುರೆ ಗೊರಸು ಕುಟ್ಟಿ ಲೆಕ್ಕದ ಉತ್ತರ ಹೇಳುತ್ತಿತ್ತು. ಒಡೆಯ ನಿವೃತ್ತ ಗಣಿತ ಶಿಕ್ಷಕ, ಮೋಸಗಾರನಲ್ಲ. ಆಸ್ಕರ್ ಫುಂಗ್‌ಸ್ಟ್ ಎಂಬ ಸಂಶೋಧಕ ಪರೀಕ್ಷಿಸಿ 1907ರಲ್ಲಿ ಬರೆದ: ಪ್ರಶ್ನೆ ಕೇಳುವವನಿಗೇ ಉತ್ತರ ಗೊತ್ತಿಲ್ಲದಿದ್ದರೆ ಕುದುರೆಗೂ ಗೊತ್ತಿರುವುದಿಲ್ಲ. ಸರಿಯಾದ ಸಂಖ್ಯೆ ಬಂದಾಗ ಮನುಷ್ಯನ ತಲೆ, ಮೈ ತನಗೆ ತಿಳಿಯದೆಯೇ ಸ್ವಲ್ಪ ಅಲುಗುತ್ತಿತ್ತು, ಕುದುರೆ ಅದನ್ನು ಓದುತ್ತಿತ್ತು. ಲೆಕ್ಕ ಬರದಿದ್ದರೇನು, ಮನುಷ್ಯನನ್ನು ಅಷ್ಟು ಸೂಕ್ಷ್ಮವಾಗಿ ಓದಬಲ್ಲ ಕುದುರೆ ನನ್ನ ಮಟ್ಟಿಗೆ ಇನ್ನೂ ದೊಡ್ಡ ಅಚ್ಚರಿ.

ನಮ್ಮ ಬಂಡೀಪುರದ ಕೋತಿಗಳೂ ಕಡಿಮೆಯಲ್ಲ. ಅಲ್ಲಿನ ಬಾನೆಟ್ ಮಂಗಗಳು ಮನುಷ್ಯರಿಂದ ತಿಂಡಿ ಕೇಳಲು ಕೂಗುವುದನ್ನೂ ಕೈ ಚಾಚುವುದನ್ನೂ ಉದ್ದೇಶಪೂರ್ವಕವಾಗಿ ಬಳಸುತ್ತವೆ ಎಂದು ಬೆಂಗಳೂರಿನ ಅನಿಂದ್ಯ ಸಿನ್ಹಾ ಮತ್ತು ಸಹ ಸಂಶೋಧಕರು 2018ರಲ್ಲಿ ಪ್ರಕಟಿಸಿದರು. ಪ್ರವಾಸಿಗರು ಎಸೆದ ಚಿಪ್ಸ್ ಪೊಟ್ಟಣ ಮಂಗನ ನಡವಳಿಕೆಯೊಳಗೆ ಸೇರಿಹೋಗಿದೆ. ಅಧ್ಯಯನಕ್ಕೆ ಹೋದಾಗ ನೀವೇ ತಿಂಡಿ ಕೊಟ್ಟರೆ ನಿಮ್ಮ ದತ್ತಾಂಶವನ್ನು ನೀವೇ ಕೆಡಿಸಿದಂತೆ.

6. ಪ್ರಾಣಿಯೊಂದಿಗೆ ಬದುಕುವವರನ್ನು ಗುರುಗಳೆಂದು ಒಪ್ಪಿಕೊಳ್ಳಿ

ದುಬಾರೆ, ಮತ್ತಿಗೋಡು ಶಿಬಿರಗಳಲ್ಲಿ ಆನೆ ನೋಡಿಕೊಳ್ಳುವ ಮಾವುತರು, ಅವರ ಸಹಾಯಕರಾದ ಕಾವಾಡಿಗಳಲ್ಲಿ ಜೇನುಕುರುಬರು ಬಹಳ ಮಂದಿ. ಆನೆ ಇಂದು ಮೇವು ಏಕೆ ಬಿಟ್ಟಿತು, ಮದ ಯಾವಾಗ ಏರುತ್ತದೆ ಎಂಬುದನ್ನು ಅವರು ಪುಸ್ತಕದಿಂದ ಕಲಿತಿಲ್ಲ. ಎಂಟು ಬಾರಿ ದಸರೆಯ ಅಂಬಾರಿ ಹೊತ್ತ ಅರ್ಜುನ 2023ರ ಡಿಸೆಂಬರ್ 4ರಂದು ಸಕಲೇಶಪುರ ತಾಲ್ಲೂಕಿನ ಯಸಳೂರು ಭಾಗದಲ್ಲಿ ಕಾಡಾನೆ ಹಿಡಿಯುವ ಕಾರ್ಯಾಚರಣೆಯಲ್ಲಿ ಸತ್ತಾಗ, ಮಾವುತ ಅತ್ತ ದೃಶ್ಯವನ್ನು ಇಡೀ ನಾಡು ನೋಡಿತು. ಆ ಸಂಬಂಧದಲ್ಲಿ ಪ್ರೀತಿಯಿದೆ, ಅಂಕುಶವಿದೆ, ಸಂಬಳವಿದೆ, ಅಪಾಯವಿದೆ. ಇವುಗಳಲ್ಲಿ ಯಾವುದನ್ನೂ ಬಿಡದೆ ಬರೆಯುವುದೇ ನಿಮ್ಮ ಕೆಲಸ.

ಮಾತನಾಡಿಸಲು ಹೋಗುವಾಗ ಮರ್ಯಾದೆ ಮುಖ್ಯ. ಕುರಿಗಾಹಿಗಳ ಹತ್ತಿರ ಹೋದರೆ ಮಂದೆ ಹೊಲದಲ್ಲಿ ತಂಗಿದ ಮೇಲೆ, ಸಂಜೆ ಹೋಗಿ. ನಡೆಯುವ ಹೊತ್ತಿನಲ್ಲಿ ಅಡ್ಡ ನಿಲ್ಲಿಸಬೇಡಿ. ಬೆಳೆ ಹಾನಿಯ ಬಗ್ಗೆ ಕೇಳಲು ಹೋಗುವಾಗ ಇಲಾಖೆಯ ಜೀಪಿನಲ್ಲಿ ಇಳಿದರೆ ಯಾರೂ ಮನಸ್ಸು ಬಿಚ್ಚುವುದಿಲ್ಲ. ಬಸ್ಸಿನಲ್ಲಿ ಹೋಗಿ, ಅಜ್ಜ, ಅಣ್ಣ, ಅಕ್ಕ ಎಂದು ಮಾತಾಡಿಸಿ, ಪ್ರಶ್ನಾವಳಿಯನ್ನು ಮೊದಲ ದಿನವೇ ತೆಗೆಯಬೇಡಿ. ಅವರ ಹೆಸರು ಹಾಕಬಹುದೇ ಎಂದು ಕೇಳಿ. ಅಧ್ಯಯನ ಮುಗಿದ ಮೇಲೆ ಮತ್ತೆ ಹೋಗಿ ಏನು ಬರೆದಿರಿ ಎಂದು ಓದಿ ಹೇಳಿ. ಬಂದು ಕೇಳಿಕೊಂಡು ಹೋದವರು ಮತ್ತೆ ತಿರುಗಿ ನೋಡುವುದಿಲ್ಲ ಎಂಬ ದೂರು ಕಾಡಂಚಿನ ಊರುಗಳಲ್ಲಿ ಹಳೆಯದು, ಮತ್ತು ನ್ಯಾಯವಾದದ್ದು.

7. ಕಾನೂನಿನ ಪುಸ್ತಕ ಮೇಜಿನ ಮೇಲಿರಲಿ

ಪ್ರಾಣಿ ಹಿಂಸೆ ತಡೆ ಕಾಯ್ದೆ 1960ರದು, ವನ್ಯಜೀವಿ ಸಂರಕ್ಷಣಾ ಕಾಯ್ದೆ 1972ರದು. ಎರಡನೆಯದಕ್ಕೆ 2022ರಲ್ಲಿ ಆದ ತಿದ್ದುಪಡಿ 2023ರ ಏಪ್ರಿಲ್ 1ರಿಂದ ಜಾರಿಗೆ ಬಂತು, ಆರು ಅನುಸೂಚಿಗಳು ನಾಲ್ಕಾದವು. ಹಳೆಯ ನೋಟ್ಸ್ ನಂಬಿದವರು ಇಲ್ಲೇ ಎಡವುತ್ತಾರೆ. ಬೀದಿನಾಯಿಗಳಿಗೆ 2023ರ ಸಂತಾನ ನಿಯಂತ್ರಣ ನಿಯಮಗಳಿವೆ. ಅಭಯಾರಣ್ಯದೊಳಗೆ ಅಧ್ಯಯನ ಮಾಡಲು ಅರಣ್ಯ ಇಲಾಖೆಯ ಲಿಖಿತ ಅನುಮತಿ ಬೇಕು, ಅದು ಬರಲು ತಡವಾಗುತ್ತದೆ ಎಂದೇ ಲೆಕ್ಕ ಹಾಕಿಕೊಳ್ಳಿ. ಪ್ರಯೋಗಾಲಯದ ಪ್ರಾಣಿಗಳಿಗೆ ಸಂಸ್ಥೆಯ ಪ್ರಾಣಿ ನೈತಿಕ ಸಮಿತಿ ಒಪ್ಪಬೇಕು. 2014ರಲ್ಲಿ ಯುಜಿಸಿ ಪ್ರಾಣಿಶಾಸ್ತ್ರದ ತರಗತಿಗಳಲ್ಲಿ ಪ್ರಾಣಿಗಳನ್ನು ಕೊಯ್ಯುವುದನ್ನು ನಿಲ್ಲಿಸಲು ಸೂಚಿಸಿದ್ದು ಕೂಡ ಇದೇ ಕಥೆಯ ಒಂದು ಅಧ್ಯಾಯ.

ಒಂದು ಅಭ್ಯಾಸ ಹೇಳುತ್ತೇನೆ. 2014ರ ಮೇ ತಿಂಗಳಲ್ಲಿ ಸುಪ್ರೀಂ ಕೋರ್ಟ್ ಜಲ್ಲಿಕಟ್ಟು ಮತ್ತು ಎತ್ತಿನ ಓಟಗಳನ್ನು ನಿಷೇಧಿಸಿತು. ಕಂಬಳಕ್ಕಾಗಿ ಕರ್ನಾಟಕ 2017ರಲ್ಲಿ ತಿದ್ದುಪಡಿ ತಂದಿತು. 2023ರ ಮೇ 18ರಂದು ಐವರು ನ್ಯಾಯಮೂರ್ತಿಗಳ ಪೀಠ ರಾಜ್ಯಗಳ ತಿದ್ದುಪಡಿಗಳನ್ನು ಎತ್ತಿಹಿಡಿಯಿತು. ಎರಡೂ ತೀರ್ಪುಗಳನ್ನು ಪೂರ್ತಿ ಓದಿ. ಕೋಣದ ನೋವಿನ ಪರವಾಗಿ ಎರಡು ಪುಟ, ಕೋಣವನ್ನು ಮನೆಮಗನಂತೆ ಸಾಕುವ ಯಜಮಾನನ ಪರವಾಗಿ ಎರಡು ಪುಟ ಬರೆಯಿರಿ. ಎರಡನ್ನೂ ಅಷ್ಟೇ ಬಲವಾಗಿ ಬರೆಯಲು ಬರುವವರೆಗೆ ನಿಮ್ಮ ಅಭಿಪ್ರಾಯವನ್ನು ತಡೆದಿಡಿ.

8. ಅಂಕಿ ಕಂಡ ಕೂಡಲೇ ಎಣಿಸಿದ ಬಗೆ ಕೇಳಿ

2017ರ ಗಣತಿಯಲ್ಲಿ ದೇಶದ ಆನೆಗಳು 27,312. 2025ರಲ್ಲಿ ಬಿಡುಗಡೆಯಾದ ಅಂದಾಜಿನಲ್ಲಿ 22,446. ಐದು ಸಾವಿರ ಆನೆ ಸತ್ತವೇ? ಹಾಗೆ ಹೇಳಲು ಬರುವುದಿಲ್ಲ. ಹಿಂದಿನ ಎಣಿಕೆ ಕಣ್ಣಿಗೆ ಕಂಡ ಆನೆಗಳನ್ನೂ ಲದ್ದಿಯ ಗುಡ್ಡೆಗಳನ್ನೂ ನೆಚ್ಚಿತ್ತು. ಹೊಸದು ಲದ್ದಿಯಿಂದ ಡಿಎನ್‌ಎ ತೆಗೆದು ಒಂದೊಂದು ಆನೆಯನ್ನೂ ಗುರುತಿಸಿದೆ. ವಿಧಾನ ಬೇರೆಯಾದ ಮೇಲೆ ಎರಡನ್ನು ಪಕ್ಕಪಕ್ಕ ಇಟ್ಟು ಕಳೆಯುವುದು ತಪ್ಪು. ಪತ್ರಿಕೆಯ ತಲೆಬರಹ ಓದಿ ವಾದಕ್ಕಿಳಿಯುವ ಮೊದಲು ಇಷ್ಟು ನೋಡಿಕೊಳ್ಳಿ. ಅಂಕಿಗಳನ್ನು ವಿಶ್ಲೇಷಿಸಲು ಆರ್, ನಕ್ಷೆ ಮಾಡಲು ಕ್ಯೂಜಿಐಎಸ್ ಎಂಬ ಎರಡು ತಂತ್ರಾಂಶಗಳು ಉಚಿತ, ರಜೆಯಲ್ಲಿ ಕಲಿತುಬಿಡಿ.

9. ಕಾಯಿಲೆಗಳ ಬಗ್ಗೆ ಓದಿ, ನಿಮ್ಮ ಜೀವವನ್ನೂ ಕಾಪಾಡಿಕೊಳ್ಳಿ

1957ರಲ್ಲಿ ಶಿವಮೊಗ್ಗ ಜಿಲ್ಲೆಯ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸತ್ತು ಬಿದ್ದವು, ಹಿಂದೆಯೇ ಜನಕ್ಕೆ ಜ್ವರ ಬಂತು. ಮಂಗನ ಕಾಯಿಲೆ ಎಂದು ನಾವು ಕರೆಯುವ ಅದರ ಅಂತರರಾಷ್ಟ್ರೀಯ ಹೆಸರಿನಲ್ಲಿ ಇಂದಿಗೂ ಆ ಕಾಡಿನ ಹೆಸರಿದೆ. ಹರಡುವುದು ಮಂಗವಲ್ಲ, ಉಣುಗು. ಸೌದೆಗೆ, ದರಗಿಗೆ, ದನ ಮೇಯಿಸಲು ಕಾಡಿಗೆ ಹೋಗುವ ಬಡವರೇ ಹೆಚ್ಚಾಗಿ ಇದಕ್ಕೆ ಬಲಿ. ಮನುಷ್ಯ, ಮಂಗ, ದನ, ಕಾಡು ಒಂದೇ ಸರಪಣಿ ಎಂದು ಇಷ್ಟು ಸ್ಪಷ್ಟವಾಗಿ ತೋರಿಸುವ ಇನ್ನೊಂದು ಉದಾಹರಣೆ ನನಗೆ ಗೊತ್ತಿಲ್ಲ. ಚಳಿಗಾಲ, ಬೇಸಿಗೆಯಲ್ಲಿ ಮಲೆನಾಡಿನಲ್ಲಿ ಕ್ಷೇತ್ರಕಾರ್ಯಕ್ಕೆ ಹೋಗುವವರು ಮೈತುಂಬ ಬಟ್ಟೆ ಹಾಕಿ, ಉಣುಗು ಹತ್ತದಂತೆ ಎಣ್ಣೆ ಹಚ್ಚಿ, ಬಂದ ಮೇಲೆ ಬಿಸಿನೀರಿನಲ್ಲಿ ಸ್ನಾನ ಮಾಡಿ. ಸತ್ತ ಮಂಗ ಕಂಡರೆ ಮುಟ್ಟದೆ ಆರೋಗ್ಯ ಇಲಾಖೆಗೆ ತಿಳಿಸಿ.

ನಾಯಿಗಳ ಜೊತೆ ಕೆಲಸ ಮಾಡುವವರು ರೇಬಿಸ್ ಲಸಿಕೆಯನ್ನು ಮುಂಚಿತವಾಗಿಯೇ ಹಾಕಿಸಿಕೊಳ್ಳಿ. ಕಚ್ಚಿದರೆ ಸೋಪು ಹಚ್ಚಿ ಹರಿಯುವ ನೀರಿನಲ್ಲಿ ಹದಿನೈದು ನಿಮಿಷ ತೊಳೆದು ನೇರ ಆಸ್ಪತ್ರೆಗೆ ಹೋಗಿ. ಮನೆಮದ್ದು ಬೇಡವೇ ಬೇಡ. ಕರ್ನಾಟಕ 2024ರಲ್ಲಿ ಹಾವು ಕಡಿತವನ್ನು ವರದಿ ಮಾಡಲೇಬೇಕಾದ ಪ್ರಕರಣವೆಂದು ಘೋಷಿಸಿದೆ. ಗಂಬೂಟು ಮತ್ತು ಟಾರ್ಚು ಇಲ್ಲದೆ ರಾತ್ರಿ ಹೊಲಕ್ಕೆ ಇಳಿಯಬೇಡಿ.

10. ಗೋಶಾಲೆಗೂ ಹೋಗಿ, ಮಾಂಸದಂಗಡಿಗೂ ಹೋಗಿ

ಇದು ಕಷ್ಟದ ಸೂತ್ರ. ನೀವು ಸಸ್ಯಾಹಾರಿಯಾಗಿರಬಹುದು, ಬಾಡೂಟದ ಮನೆಯವರಾಗಿರಬಹುದು. ಎರಡೂ ಕಡೆ ಕುಳಿತು ಕೇಳುವ ಸಹನೆ ಬೇಕು. ಹಾಲು ಕೊಡದ ಹಸು, ಹೂಡಲು ಬೇಡವಾದ ಗಂಡುಕರು ಎಲ್ಲಿಗೆ ಹೋಗುತ್ತವೆ ಎಂದು ಒಬ್ಬ ರೈತ ಮಹಿಳೆಯನ್ನು ಕೇಳಿ, ಮಧ್ಯೆ ಬಾಯಿ ಹಾಕದೆ ಕೇಳಿಸಿಕೊಳ್ಳಿ. ಸಾಕುಪ್ರಾಣಿಗಳ ಕಲ್ಯಾಣಕ್ಕೆ ಇಂದು ಜಗತ್ತು ಬಳಸುವ ಐದು ಸ್ವಾತಂತ್ರ್ಯಗಳ ಅಳತೆಗೋಲು, ಬ್ರಿಟನ್ ಸರ್ಕಾರಕ್ಕೆ 1965ರಲ್ಲಿ ಸಲ್ಲಿಕೆಯಾದ ಬ್ರಾಂಬೆಲ್ ವರದಿಯಿಂದ ಬೆಳೆದದ್ದು. ಹಸಿವು ಬಾಯಾರಿಕೆಯಿಂದ, ಅನನುಕೂಲದಿಂದ, ನೋವು ರೋಗದಿಂದ, ಭಯದಿಂದ ಬಿಡುಗಡೆ, ಮತ್ತು ಸಹಜವಾಗಿ ವರ್ತಿಸುವ ಅವಕಾಶ. ಆ ಐದನ್ನೂ ಹಿಡಿದು ಕೋಳಿ ಫಾರ್ಮನ್ನೂ ನಿಮ್ಮ ಮನೆಯ ಕಟ್ಟಿಹಾಕಿದ ನಾಯಿಯನ್ನೂ ಅಳೆದು ನೋಡಿ.

11. ಕೆಲಸ ಮಾಡಿ ತೋರಿಸಿದವರನ್ನು ಓದಿ

ಮೈಸೂರಿನ ನೇಚರ್ ಕನ್ಸರ್ವೇಶನ್ ಫೌಂಡೇಶನ್‌ನವರು ತಮಿಳುನಾಡಿನ ವಾಲ್ಪಾರೈ ಟೀ ತೋಟಗಳಲ್ಲಿ ಮಾಡಿದ ಕೆಲಸವನ್ನು ಪ್ರತಿಯೊಬ್ಬ ವಿದ್ಯಾರ್ಥಿಯೂ ಓದಬೇಕು. ಆನೆಯಿಂದ ಜನ ಸಾಯುತ್ತಿದ್ದರು. ಬೇಲಿ, ಗುಂಡಿ ಎಂದು ಹೊರಡುವ ಬದಲು ಸಾವುಗಳು ಹೇಗೆ ಆದವು ಎಂದು ಅವರು ಒಂದೊಂದಾಗಿ ನೋಡಿದರು. ಆನೆ ಹತ್ತಿರದಲ್ಲಿದೆ ಎಂಬುದೇ ಗೊತ್ತಿಲ್ಲದೆ ಕತ್ತಲಲ್ಲಿ ನಡೆದು ಬಂದವರು ಎದುರಾಗಿ ಸಾಯುತ್ತಿದ್ದರು. ಹಾಗಾಗಿ ಮೊಬೈಲಿಗೆ ಸಂದೇಶ, ಸ್ಥಳೀಯ ಟಿ.ವಿ.ಯಲ್ಲಿ ಓಡುವ ಸಾಲು, ಆನೆ ಬಂದಾಗ ಬೆಳಗುವ ಕೆಂಪು ದೀಪ ಇವು ಬಂದವು, ಸಾವುಗಳು ಇಳಿದವು. ಅಂಥದ್ದೇ ಮುನ್ನೆಚ್ಚರಿಕೆ ವ್ಯವಸ್ಥೆ ಆಮೇಲೆ ಹಾಸನದ ಆಲೂರು–ಸಕಲೇಶಪುರಕ್ಕೂ ಬಂತು.

ಜೊತೆಗೆ ಆನೆ ವಿಜ್ಞಾನಿ ರಾಮನ್ ಸುಕುಮಾರ್ ಅಧ್ಯಕ್ಷತೆಯ ಕರ್ನಾಟಕ ಆನೆ ಕಾರ್ಯಪಡೆ 2012ರಲ್ಲಿ ಹೈಕೋರ್ಟಿಗೆ ಕೊಟ್ಟ ವರದಿ ಓದಿ. ಆನೆ ಉಳಿಯಬೇಕಾದ ಕಡೆ, ಜನ ಮತ್ತು ಆನೆ ಹೊಂದಿಕೊಳ್ಳಬೇಕಾದ ಕಡೆ, ಆನೆಯನ್ನು ತೆಗೆಯಲೇಬೇಕಾದ ಕಡೆ ಎಂದು ಅದು ರಾಜ್ಯವನ್ನು ವಿಂಗಡಿಸಿತು. ಮೂರನೆಯದನ್ನು ಒಪ್ಪುವುದು ಆನೆಪ್ರಿಯರಿಗೆ ಸುಲಭವಲ್ಲ. ಇಡೀ ಬದುಕನ್ನು ಆನೆ ಅಧ್ಯಯನಕ್ಕೆ ಕೊಟ್ಟ ವಿಜ್ಞಾನಿಯೇ ಅದನ್ನು ಬರೆಯಬೇಕಾಗಿ ಬಂತು ಎಂಬುದನ್ನು ಯೋಚಿಸಿ.

12. ಕನ್ನಡದಲ್ಲಿ ಬರೆಯಿರಿ, ಮನೆಯವರಿಗೆ ನಿಜ ಹೇಳಿ

ಪ್ರಬಂಧ ಇಂಗ್ಲಿಷಿನಲ್ಲೇ ಇರಲಿ. ಆದರೆ ನಾಲ್ಕು ಪುಟದ ಕನ್ನಡ ಸಾರಾಂಶ ಆ ಊರಿನ ಪಂಚಾಯಿತಿಗೆ, ಶಾಲೆಗೆ ತಲುಪಲಿ. ಕೆಲಸದ ವಿಷಯಕ್ಕೆ ಬಂದರೆ, ಅರಣ್ಯ ಇಲಾಖೆ, ಮೃಗಾಲಯ, ನಗರಪಾಲಿಕೆಯ ನಾಯಿ ನಿಯಂತ್ರಣ ಕಾರ್ಯಕ್ರಮ, ಹೈನುಗಾರಿಕೆ, ಪತ್ರಿಕೋದ್ಯಮ, ವಕೀಲಿಕೆ, ಅಧ್ಯಾಪನ, ಸ್ವಯಂಸೇವಾ ಸಂಸ್ಥೆಗಳಲ್ಲಿ ಈ ಓದು ಬಳಕೆಗೆ ಬರುತ್ತದೆ. ಮೊದಲ ಕೆಲವು ವರ್ಷ ಸಂಬಳ ಕಡಿಮೆ, ಕೆಲಸ ಹೆಚ್ಚಾಗಿ ಗುತ್ತಿಗೆಯದು. ಇದನ್ನು ಅಪ್ಪ ಅಮ್ಮನಿಂದ ಮುಚ್ಚಿಡಬೇಡಿ. ಸಂಖ್ಯಾಶಾಸ್ತ್ರವನ್ನೋ ಕಾನೂನನ್ನೋ ಗಟ್ಟಿಯಾಗಿ ಹಿಡಿದಿಟ್ಟುಕೊಂಡರೆ ಕೈ ಬರಿದಾಗುವುದಿಲ್ಲ.

ಕಾಲೇಜಿನ ಅಧ್ಯಾಪಕರಲ್ಲಿ ಒಂದು ವಿನಂತಿ. ಪ್ರಾಜೆಕ್ಟ್ ವಿಷಯ ಹುಡುಕಿಕೊಂಡು ಬರುವ ವಿದ್ಯಾರ್ಥಿಗೆ ಇಂಟರ್ನೆಟ್ಟಿನಿಂದ ಇಳಿಸಿಕೊಳ್ಳಬಹುದಾದ ಶೀರ್ಷಿಕೆ ಕೊಡಬೇಡಿ. ಪಕ್ಕದ ಹಳ್ಳಿಯ ಕೊಟ್ಟಿಗೆಗೆ, ಸಂತೆಗೆ, ಕೆರೆಯಂಗಳಕ್ಕೆ ಕಳಿಸಿ, ಬಸ್ ಚಾರ್ಜು ಕೊಡಿಸಿ, ಸಾಧ್ಯವಾದರೆ ಒಂದು ದಿನ ನೀವೂ ಜೊತೆಗೆ ಹೋಗಿ.